ವೆನಿಲ್ಲಾ ಕಿಪ್ಫೆರ್ಲ್ ಮುರೀತಿದ್ಯಾ? ಹೀಗೆ ಮಾಡಿ ನೋಡಿ
ಡಿಸೆಂಬರ್ ಬಂತಂದ್ರೆ ಇಲ್ಲಿ ವಿಯೆನ್ನಾದಲ್ಲಿ ಎಲ್ಲರ ಮನೆಯಲ್ಲೂ ಇದೇ ಘಮ. ಅರ್ಧಚಂದ್ರದ ಆಕಾರದ ಬಾದಾಮಿ ಬಿಸ್ಕತ್ತು, ಬಾಯಲ್ಲಿಟ್ಟರೆ ಕರಗಬೇಕು. ಮೊಟ್ಟೆ ಬೇಕಿಲ್ಲ, ಹಾಗಾಗಿ ನಮ್ಮಮ್ಮನಿಗೂ ಇಷ್ಟ.

ಮೈದಾ 250 ಗ್ರಾಂ, ಉಪ್ಪಿಲ್ಲದ ತಣ್ಣನೆ ಬೆಣ್ಣೆ 200, ಬಾದಾಮಿ ಪುಡಿ 100, ಸಕ್ಕರೆ ಪುಡಿ 75, ಚಿಟಿಕೆ ಉಪ್ಪು. ಬಾದಾಮಿಯನ್ನು ಮಿಕ್ಸಿಯಲ್ಲಿ ಬಿಟ್ಟು ಬಿಟ್ಟು ತಿರುಗಿಸಿ, ಇಲ್ಲದಿದ್ರೆ ಎಣ್ಣೆ ಬಿಡುತ್ತೆ. ಎಲ್ಲವನ್ನೂ ಸೇರಿಸಿ ಕೈಯಲ್ಲಿ ಬೆರೆಸಿ, ಆದ್ರೆ ಹಿಟ್ಟನ್ನು ನಾದಬೇಡಿ, ಚಪಾತಿ ಅಲ್ಲ ಇದು! ಮುದ್ದೆಯಾದ ಕೂಡಲೇ ನಿಲ್ಲಿಸಿ, ಒಂದು ಗಂಟೆ ಫ್ರಿಜ್‌ನಲ್ಲಿಡಿ. ಆಮೇಲೆ ಸ್ವಲ್ಪ ಸ್ವಲ್ಪವೇ ಹೊರಗೆ ತೆಗೆದು, ಬೆರಳುದ್ದ ಹೊಸೆದು ಬಗ್ಗಿಸಿ. ತುದಿ ತೀರಾ ಚೂಪಾದ್ರೆ ಅದೇ ಮೊದಲು ಸೀದುಹೋಗೋದು.

ಓವನ್‌ನಲ್ಲಿ 175 ಡಿಗ್ರಿ ಸೆಲ್ಸಿಯಸ್‌ನಲ್ಲಿ 10–12 ನಿಮಿಷ ಬೇಯಿಸಿದ್ರೆ ಸಾಕು. ಕೆಂಪಾಗೋವರೆಗೆ ಕಾಯಬೇಡಿ, ಅಂಚು ತುಸು ಬಣ್ಣ ತಿರುಗಿದ್ರೆ ಆಯ್ತು. ನಾನು ಮೊದಲ ಸಲ ಬಿಸಿ ಬಿಸಿಯಲ್ಲೇ ಎತ್ತಲು ಹೋಗಿ ಅರ್ಧ ಟ್ರೇ ಪುಡಿ ಮಾಡಿದ್ದೆ (ಪುಡಿಯನ್ನು ಐಸ್‌ಕ್ರೀಂ ಮೇಲೆ ಉದುರಿಸಿಕೊಂಡು ತಿಂದ್ವಿ). ಐದು ನಿಮಿಷ ಟ್ರೇಯಲ್ಲೇ ಬಿಡಿ. ಬೆಚ್ಚಗಿರುವಾಗಲೇ ವೆನಿಲ್ಲಾ ಬೆರೆಸಿದ ಸಕ್ಕರೆ ಪುಡಿ ಉದುರಿಸಿ, ಪೂರ್ತಿ ಆರಿದ್ರೆ ಅಂಟಲ್ಲ. ಡಬ್ಬಿಯಲ್ಲಿಟ್ಟು ಒಂದೆರಡು ದಿನ ಬಿಟ್ಟರೆ ರುಚಿ ಇನ್ನೂ ಚೆನ್ನಾಗಿರುತ್ತೆ, ಅಲ್ಲೀತನಕ ಉಳಿದ್ರೆ!