ಹೆಡ್ ಗ್ಯಾಸ್ಕೆಟ್ ಅಲ್ಲ ಎಂದಿದ್ದೆ

ನನ್ನ 1998ರ ಮಾರುತಿ 800 ಹಾಸನದ ಪೇಟೆಯಲ್ಲಿ ಎಷ್ಟು ಹೊತ್ತು ನಿಂತರೂ ಬಿಸಿಯೇರುತ್ತಿರಲಿಲ್ಲ. ಪುತ್ತೂರಿನಿಂದ ಹಿಂತಿರುಗುವಾಗ ಗುಂಡ್ಯ ದಾಟಿ ಶಿರಾಡಿ ಘಟ್ಟ ಏರತೊಡಗಿದರೆ ಮಾತ್ರ ಎಂಜಿನ್ ಬಿಸಿ ತೋರಿಸುವ ಮುಳ್ಳು ಕೆಂಪಿಗೆ ಹೋಗಿ ಕೂರುತ್ತಿತ್ತು. ಮೂರು ಗ್ಯಾರೇಜಿನವರದೂ ಒಂದೇ ಮಾತು: ಹೆಡ್ ಗ್ಯಾಸ್ಕೆಟ್ (ಎಂಜಿನ್ ಬ್ಲಾಕಿಗೂ ಅದರ ಮೇಲಿನ ಹೆಡ್ಡಿಗೂ ನಡುವಿನ ಸೀಲು) ಹೋಗಿದೆ, ಒಂಬತ್ತು ಸಾವಿರ ಆಗುತ್ತದೆ.

ನಾನು ಒಪ್ಪಲಿಲ್ಲ. ನೀರು ಬೆರೆತು ಆಯಿಲ್ ಬೆಳ್ಳಗಾಗಿರಲಿಲ್ಲ. ಬೆಳಿಗ್ಗೆ ತಣ್ಣಗಿದ್ದ ಎಂಜಿನ್ ಚಾಲೂ ಮಾಡಿ ಒಂದು ನಿಮಿಷಕ್ಕೆ ರೇಡಿಯೇಟರಿನ ಮೇಲಿನ ಹೋಸ್ ಹಿಸುಕಿದರೆ ಮೆತ್ತಗೇ ಇತ್ತು. ಗ್ಯಾಸ್ಕೆಟ್ ದೊಡ್ಡದಾಗಿ ಬಿಟ್ಟಿದ್ದರೆ ಸಿಲಿಂಡರಿನ ಒತ್ತಡ ನೀರಿಗೆ ನುಗ್ಗಿ ಹೋಸ್ ಅಷ್ಟರಲ್ಲೇ ಬಿಗಿಯಬೇಕಿತ್ತು.

ಹಾಗೆಂದು ನಾನೂ ಮೊದಲ ಏಟಿಗೇ ಗುರಿ ಮುಟ್ಟಿದವನಲ್ಲ. ಕಾದಾಗ ತೆರೆದು ರೇಡಿಯೇಟರಿಗೆ ನೀರು ಬಿಡುವ ಥರ್ಮೋಸ್ಟಾಟ್‌ಗೆ ಐನೂರು ಕೊಟ್ಟೆ. ಬಿಚ್ಚಿದ ಹಳೆಯದನ್ನು ಆಮೇಲೆ ಪಾತ್ರೆಯಲ್ಲಿ ಕಾಯಿಸಿದರೆ 82 ಡಿಗ್ರಿಯ ಆಸುಪಾಸಿನಲ್ಲಿ ಸೊಗಸಾಗಿ ಬಾಯಿ ತೆರೆಯಿತು! ರೇಡಿಯೇಟರ್ ತೊಳೆಸಿದ್ದಕ್ಕೆ ಎಂಟುನೂರೋ ಒಂಬೈನೂರೋ; ಬೋರ್‌ವೆಲ್ ನೀರಿನ ಬಿಳಿ ಹಕ್ಕಳೆ ಬೊಗಸೆಗಟ್ಟಲೆ ಬಂತು, ಘಟ್ಟದಲ್ಲಿ ಮುಳ್ಳು ಮಾತ್ರ ಕೆಂಪಿನಿಂದ ಜಗ್ಗಲಿಲ್ಲ. ವಾಟರ್ ಪಂಪ್ ಕೂಲಿ ಸೇರಿ ಎರಡು ಸಾವಿರ. ಬಿಸಿಗಾಳಿ ಹೊರಹೋಗಲೆಂದು ಬಾನೆಟ್ಟಿನ ಹಿಂಬದಿಗೆ ವಾಷರ್ ಕೊಟ್ಟು ಎತ್ತರಿಸಿಯೂ ನೋಡಿದೆ. ಮಳೆನೀರು ಒಳಗಿಳಿದು ಗಾಡಿ ಎರಡು ದಿನ ಸ್ಟಾರ್ಟ್ ಆಗಲಿಲ್ಲ.

ಪೇಟೆಯಲ್ಲಿ ಇಲ್ಲದ್ದು ಘಟ್ಟದಲ್ಲಿ ಏನಿದೆ? ಎರಡನೇ ಗೇರಿನಲ್ಲಿ ಎಂಜಿನ್ ಒಂದೇ ಸಮನೆ ಅರಚುವುದು. ಎಂಜಿನ್ನನ್ನು ಚೆನ್ನಾಗಿ ಕಾಯಿಸಿ, ಮೊಬೈಲನ್ನು ವಿಡಿಯೊಗೆ ಹಾಕಿ ಗಾಡಿಯಡಿ ಇಟ್ಟು, ಕಾರ್ಬುರೇಟರ್ ಬಳಿ ಆಕ್ಸಿಲರೇಟರ್ ಕೇಬಲ್ ಎಳೆದು ಹಿಡಿದೆ. ಎಳನೀರಿನ ಕಾಗದದ ಕೊಳವೆಯನ್ನು ಮಕ್ಕಳು ಜೋರಾಗಿ ಹೀರಿದಾಗ ಒಳಕ್ಕೆ ಅಂಟಿಕೊಳ್ಳುತ್ತದಲ್ಲ, ರೇಡಿಯೇಟರಿನಿಂದ ಪಂಪಿಗೆ ನೀರು ಒಯ್ಯುವ ಕೆಳಗಿನ ಹೋಸ್ ಹಾಗೆ ಚಪ್ಪಟೆಯಾಗಿತ್ತು. ಕೇಬಲ್ ಬಿಟ್ಟೊಡನೆ ಮತ್ತೆ ಗುಂಡಗೆ. ಪಂಪಿಗೆ ನೀರೇ ಸಿಗುತ್ತಿರಲಿಲ್ಲ. ತಣ್ಣಗಿದ್ದಾಗ ಆ ಹೋಸ್ ಗಟ್ಟಿಯಾಗಿಯೇ ಇರುತ್ತಿತ್ತು, ಎಲ್ಲರೂ ಮುಟ್ಟಿ ನೋಡಿದ್ದೂ ತಣ್ಣಗಿದ್ದಾಗಲೇ.

ಹೊಸ ಹೋಸ್ ಮುನ್ನೂರರ ಒಳಗೇ ಸಿಕ್ಕಿತು. ಒಳಗೊಂದು ಸ್ಪ್ರಿಂಗ್ ಸುತ್ತಿ ಕೂರಿಸಿದೆ. ಯಾವ ತಂತಿ, ಎಷ್ಟು ಸುತ್ತು ಎಂಬುದು ಸದ್ಯಕ್ಕೆ ನನ್ನಲ್ಲೇ ಇರಲಿ. ಕೂಲಂಟ್ (ಎಂಜಿನ್ ತಣಿಸುವ ದ್ರವ) ತುಂಬಿದ ಮೇಲೆ ಗಾಳಿ ತೆಗೆಯಲು ನನಗೆ ಅರ್ಧ ಗಂಟೆ ಹಿಡಿಯಿತು. ಅದರಲ್ಲೂ ಒಂದು ಉಪಾಯವಿದೆ, ಹೇಳುವುದಿಲ್ಲ.

ಹೋದ ತಿಂಗಳು ನಾಲ್ಕು ಜನ, ಎರಡು ಮೂಟೆ ತೆಂಗಿನಕಾಯಿ ಹೇರಿಕೊಂಡು ಅದೇ ಘಟ್ಟ ಏರಿ ಮಾರನಹಳ್ಳಿ ದಾಟಿದೆ. ಮುಳ್ಳು ನಡುವಿನಿಂದ ಮೇಲೇಳಲಿಲ್ಲ. ಒಬ್ಬ ಗ್ಯಾರೇಜಿನವನಿಗೆ ವಿಡಿಯೊ ತೋರಿಸಿದೆ. ಎರಡು ಸಲ ನೋಡಿ, “ಆದರೂ ಒಮ್ಮೆ ಹೆಡ್ ಬಿಚ್ಚಿ ನೋಡಿಬಿಡೋಣ ಸಾರ್” ಎಂದ.