ಮೂಟೆಗಿಂತ ಮೊದಲು ಪಟ್ಟಿ: ಚರ್ಚ್‌ನಿಂದ ದಿನಸಿ ಹಂಚುವುದು ಹೇಗೆ?

ಕಷ್ಟಕಾಲದಲ್ಲಿ ದಿನಸಿ ಹಂಚೋಣ ಅಂದಕೂಡಲೇ ಎಲ್ಲರೂ ಮೂಟೆ ಎತ್ತಲು ಓಡುತ್ತಾರೆ. ಸ್ವಲ್ಪ ತಡೆಯಿರಿ. ಮೊದಲು ಒಂದು ನೋಟ್‌ಬುಕ್ ಹಿಡಿದು ಕೂತುಕೊಳ್ಳಿ. ಹಂಚಿಕೆ ಎಡವಟ್ಟಾಗುವುದು ಜಾಸ್ತಿ ಪಟ್ಟಿಯಲ್ಲೇ.

ಇದು ಹಳೇ ತಕರಾರು. ಬೈಬಲ್‌ನ ಅಪೊಸ್ತಲರ ಕೃತ್ಯಗಳು, 6ನೇ ಅಧ್ಯಾಯ ತೆಗೆದು ನೋಡಿ. ದಿನದ ಹಂಚಿಕೆಯಲ್ಲಿ ಗ್ರೀಕ್ ಮಾತಾಡುವ ವಿಧವೆಯರು ಬಿಟ್ಟುಹೋಗುತ್ತಿದ್ದಾರೆ ಅಂತ ಗೊಣಗಾಟ ಎದ್ದಿತು. ಆಗ ಆ ಕೆಲಸಕ್ಕೆಂದೇ 7 ಮಂದಿಯನ್ನು ಆರಿಸಿದರು. ನೀವೂ ಒಂದು ಸಣ್ಣ ತಂಡ ಮಾಡಿ. ಎಲ್ಲವನ್ನೂ ಸಭಾಪಾಲಕರ ತಲೆಗೆ ಕಟ್ಟಬೇಡಿ.

ಆರಾಧನೆಗೆ ಬರುವವರ ಹೆಸರಷ್ಟೇ ಬರೆದರೆ ಸಾಲದು. ಒಂಟಿ ಮುದುಕರು, ಹಾಸಿಗೆ ಹಿಡಿದವರು, ಕೂಲಿ ನಿಂತುಹೋದವರು ತಾವಾಗಿ ಬಂದು ಕೇಳುವುದು ಕಡಿಮೆ. ಮನೆಮನೆಗೆ ಹೋಗಿ ವಿಚಾರಿಸಿ. ಎಷ್ಟು ಜನ? ಹಸುಗೂಸು ಇದೆಯಾ? ಅಡುಗೆಗೆ ಒಲೆ ಇದೆಯಾ? ಹೊತ್ತುಕೊಂಡು ಹೋಗಲು ಯಾರಿದ್ದಾರೆ? ಧರ್ಮದ ಕಾಲಂ ಮಾತ್ರ ಬೇಡವೇ ಬೇಡ. ರೆಡ್ ಕ್ರಾಸ್ ಮತ್ತು ಬೇರೆ ನೆರವು ಸಂಸ್ಥೆಗಳ 1994ರ ನೀತಿಸಂಹಿತೆಯೂ ಅಗತ್ಯ ನೋಡಿ ಕೊಡಿ ಅನ್ನುತ್ತದೆ.

ಇನ್ನು ಅಳತೆ. ತುರ್ತು ಕಾಲದಲ್ಲಿ ಒಬ್ಬರಿಗೆ ದಿನಕ್ಕೆ 2,100 ಕಿಲೋ ಕ್ಯಾಲೊರಿ ಅಂತ ಲೆಕ್ಕ ಹಿಡಿಯುತ್ತಾರೆ. ಅಂದರೆ ಸುಮಾರು 400 ಗ್ರಾಂ ಧಾನ್ಯ, 60 ಗ್ರಾಂ ಬೇಳೆಕಾಳು, 25 ಗ್ರಾಂ ಎಣ್ಣೆ, ಜೊತೆಗೆ ಸ್ವಲ್ಪ ಪೌಷ್ಟಿಕ ಹಿಟ್ಟು, ಸಕ್ಕರೆ, ಅಯೋಡಿನ್ ಉಪ್ಪು. 5 ಜನರ ಮನೆಗೆ 2 ವಾರಕ್ಕೆ ಧಾನ್ಯವೇ 28 ಕೆ.ಜಿ. ಆಗುತ್ತದೆ! ಮೊಮ್ಮಕ್ಕಳನ್ನು ಸಾಕುತ್ತಿರುವ ಮಂಡಿನೋವಿನ ಅಜ್ಜಿ ಇದನ್ನು ಹೊರುವುದುಂಟಾ? ಅಂಥ ಮನೆಗೆ ನೀವೇ ತಲುಪಿಸಿ. ಒಲೆ ಇಲ್ಲದವರಿಗೆ ಬೇಯಿಸಿದ ಊಟವನ್ನೇ ಕೊಡಿ.

ಹಸುಗೂಸುಗಳಿಗೆಂದು ಹಾಲಿನ ಪುಡಿ ಡಬ್ಬಿಗಳನ್ನು ಎಲ್ಲರ ಚೀಲಕ್ಕೂ ತುಂಬಬೇಡಿ. ಒಳ್ಳೇ ಮನಸ್ಸಿನಿಂದ ಆಗುವ ತಪ್ಪು ಇದು. ನೀರು ಚೆನ್ನಾಗಿಲ್ಲದ ಕಡೆ ಅದರಿಂದ ಮಗುವಿಗೆ ಭೇದಿ ಹತ್ತಬಹುದು. ಹಾಲೂಡಿಸುವ ತಾಯಿಗೆ ಜಾಸ್ತಿ ಆಹಾರ ಕೊಡಿ. ತಾಯಿಹಾಲು ಸಿಗದ ಕೂಸಿದ್ದರೆ ಆರೋಗ್ಯ ಕಾರ್ಯಕರ್ತೆಗೆ ತಿಳಿಸಿ.

ಮೂಟೆಗಳನ್ನು ನೆಲಕ್ಕೆ ತಾಗದಂತೆ ಹಲಗೆ ಮೇಲಿಡಿ. ಬೇಗ ಅವಧಿ ಮುಗಿಯುವುದನ್ನು ಮೊದಲು ಹಂಚಿ.

ಹಂಚುವ ದಿನ ಟೋಕನ್‌ನಲ್ಲಿ ಸಮಯ ಬರೆದು ಕೊಟ್ಟರೆ ನೂಕುನುಗ್ಗಲು ತಪ್ಪುತ್ತದೆ. ಚೀಲ ಹಿಡಿದು ನಿಲ್ಲಿಸಿ ಫೋಟೊ ತೆಗೆಯಬೇಡಿ. ನಮ್ಮ ಫೋಟೊ ಹಾಗೆ ತೆಗೆದರೆ ನಮಗೆ ಹೇಗನ್ನಿಸುತ್ತೆ, ಅಲ್ವಾ? ತೆಗೆದುಕೊಂಡವರ ಹೆಸರಿನ ಮುಂದೆ ಟಿಕ್ ಹಾಕುತ್ತಾ ಹೋಗಿ. ಕೊನೆಗೆ ಟಿಕ್ ಬೀಳದ ನಾಲ್ಕಾರು ಹೆಸರು ಉಳಿದೇ ಉಳಿಯುತ್ತವೆ. ನೋಟ್‌ಬುಕ್ ಮುಚ್ಚಬೇಡಿ. ಅವತ್ತು ಸಂಜೆಯೇ ಆ ಮನೆಗಳ ಬಾಗಿಲು ತಟ್ಟಿ.