ನೀತಿಯ ಹಸಿವು ಸತ್ತುಹೋಗಿದ್ದರೆ ಏನು ಮಾಡಬೇಕು?

ನಮ್ಮ ವಿಜಯಪುರದ ಕಡೆಯವರಿಗೆ ಬಾಯಾರಿಕೆ ಅಂದರೆ ಏನು ಅಂತ ಯಾರೂ ಬಿಡಿಸಿ ಹೇಳಬೇಕಿಲ್ಲ. ಏಪ್ರಿಲ್ ತಿಂಗಳ ಮಧ್ಯಾಹ್ನ ಹೊಲದಿಂದ ಬಂದವನನ್ನು ಮಾತಾಡಿಸಿ ನೋಡಿ, ಕಿವಿಗೆ ಏನೂ ಬೀಳಲ್ಲ, ಕಣ್ಣೆಲ್ಲ ನೀರಿನ ಕೊಡದ ಮೇಲೆ. ‘ನೀತಿಗೆ ಹಸಿದು ಬಾಯಾರಿದವರು ಧನ್ಯರು’ ಅಂತ ಯೇಸುಸ್ವಾಮಿ ಹೇಳಿದ್ದು (ಮತ್ತಾಯ 5:6) ಇಂಥ ಬಾಯಾರಿಕೆ ಗೊತ್ತಿದ್ದ ಜನರಿಗೆ. ಹಂಗಾಗಿ ಈ ವಚನವನ್ನು ಗೋಡೆಗೆ ತೂಗುಹಾಕುವ ಚಂದದ ಮಾತು ಅಂತ ಓದಬೇಡಿ.

ಧನ್ಯರು ಅಂತ ಕರೆದದ್ದು ಯಾರನ್ನು, ಗಮನಿಸಿ. ಹಸಿದವರನ್ನು. ‘ಆರಾಧನೆಗೆ ಹೋಗ್ತೀನಿ, ಹಾಡ್ತೀನಿ, ಆದರೆ ಒಳಗೆ ಏನೂ ಇಲ್ಲ’ ಅಂತ ನಿಮಗೆ ಸಂಕಟ ಆಗುತ್ತಿದ್ದರೆ ಹೆದರಬೇಡಿ, ಹಸಿವು ಅಲ್ಲಿಂದಲೇ ಶುರುವಾಗುತ್ತೆ. ಪ್ರಾರ್ಥನೆಯನ್ನೂ ಅಲ್ಲಿಂದಲೇ ಶುರು ಮಾಡಿ: ‘ಕರ್ತನೇ, ನನಗೆ ಹಸಿವಾಗುತ್ತಿಲ್ಲ. ಹಸಿವು ಕೊಡು.’ ಇಷ್ಟೇ ಸಾಕು. ನಾನು ಎಷ್ಟೋ ದಿನ ಇದನ್ನು ಬಿಟ್ಟು ಬೇರೆ ಪ್ರಾರ್ಥನೆ ಮಾಡಿಲ್ಲ.

ಆಮೇಲೆ, ಹಸಿವನ್ನು ಕೊಂದದ್ದು ಏನು ಅಂತ ಹುಡುಕಿ. ಸಂಜೆ ಅವ್ವ ಒಲೆ ಮುಂದೆ ರೊಟ್ಟಿ ಬಡಿಯೋಕೆ ಕೂತಾಗ ನಾವು ಹುಡುಗರು ಚುರಮುರಿ ಡಬ್ಬಿಗೆ ಕೈ ಹಾಕಿದರೆ ಬೈಗುಳ ಗ್ಯಾರಂಟಿ. ಯಾಕೆಂದರೆ ಬಿಸಿ ರೊಟ್ಟಿ, ಎಣ್ಣೆಗಾಯಿ ತಾಟಿಗೆ ಬರುವ ಹೊತ್ತಿಗೆ ಹೊಟ್ಟೆ ಗಾಳಿ ತುಂಬಿದಂಗೆ ಆಗಿರುತ್ತಿತ್ತು, ಅರ್ಧ ರೊಟ್ಟಿಯೂ ಇಳಿಯುತ್ತಿರಲಿಲ್ಲ. ಚುರಮುರಿ ವಿಷ ಏನಲ್ಲ, ಅಲ್ವಾ? ಹೊತ್ತಲ್ಲದ ಹೊತ್ತಲ್ಲಿ ತಿಂದದ್ದೇ ತಪ್ಪು. ಎದ್ದ ಕೂಡಲೇ ಕೈಗೆ ಬರುವ ಮೊಬೈಲ್ ಹಂಗೆಯೇ. ಅದಕ್ಕಿಂತ ಜಾಸ್ತಿ ಹಸಿವು ಕೆಡಿಸುವುದು ಇನ್ನೊಬ್ಬರ ಪಾಪದ ಮಾತು: ಸಭೆ ಮುಗಿದ ಮೇಲೆ ಹೊರಗೆ ನಿಂತು ಅವರು ಹಂಗೆ ಇವರು ಹಿಂಗೆ ಅಂತ ಎಣಿಸುತ್ತಾ ಇದ್ದರೆ ನಾವೇ ನೀತಿವಂತರು ಅನ್ನುವ ಸುಳ್ಳು ತೇಗು ಬರುತ್ತೆ. ಒಂದು ವಾರ ಇದೆರಡನ್ನು ಬಿಟ್ಟು ನೋಡಿ.

ಮೂರನೆಯದು ಕಷ್ಟದ್ದು, ನನಗೆ ಇದರ ಬಗ್ಗೆಯೇ ಜಾಸ್ತಿ ಹೇಳಬೇಕಿದೆ. ನೀತಿ ಅಂದರೆ ದೇವರ ಮುಂದೆ ಸರಿಯಾಗಿ ನಿಲ್ಲುವುದು. ಅದು ಕ್ರಿಸ್ತನಲ್ಲಿ ನಂಬಿಕೆ ಇಡುವವರಿಗೆ ದೇವರೇ ಕೊಡುವಂಥದ್ದು (ಫಿಲಿಪ್ಪಿ 3:9), ನಾವು ದುಡಿದು ಗಳಿಸೋಕೆ ಆಗಲ್ಲ. ಆದರೆ ಅದು ಮನೆಯೊಳಗೆ ಬಂದರೆ ಲೆಕ್ಕದ ಪುಸ್ತಕವನ್ನೂ ತೆಗೆಸುತ್ತೆ. ಸುಂಕ ವಸೂಲಿ ಮಾಡುತ್ತಿದ್ದ ಜಕ್ಕಾಯನ ಕಥೆ ನೋಡಿ (ಲೂಕ 19). ಯೇಸುಸ್ವಾಮಿ ಮೊದಲು ಅವನ ಮನೆಗೆ ಬಂದರು. ಅರ್ಧ ಆಸ್ತಿ ಬಡವರಿಗೆ, ಮೋಸದಿಂದ ತಗೊಂಡದ್ದಕ್ಕೆ ನಾಲ್ಕರಷ್ಟು ವಾಪಸ್ ಅಂತ ಅವನು ಎದ್ದು ನಿಂತು ಹೇಳಿದ್ದು ಆಮೇಲೆ.

ನಮ್ಮ ಹೊಲದಲ್ಲಿ ಉಳ್ಳಾಗಡ್ಡಿ ಕಳೆ ತೆಗೆಯೋಕೆ ಬಂದಿದ್ದ ಒಬ್ಬ ತಾಯಿ, ಮಗುವಿಗೆ ಜ್ವರ ಅಂತ ಮೂರು ಗಂಟೆಗೆ ಎದ್ದು ಹೋದರು. ನಾನು ಅರ್ಧ ದಿನದ ಪಗಾರ ಹಿಡಿದೆ. ಹೊಲದವರು ಹಿಡಿದುಕೊಂಡ ಕೂಲಿ ತಾನೇ ಕೂಗುತ್ತೆ ಅಂತ ಯಾಕೋಬನ ಪತ್ರದಲ್ಲಿದೆ (5:4). ಭಾನುವಾರ ಅದನ್ನು ಓದಿದಾಗ ನನಗೆ ತಲೆ ಎತ್ತೋಕೆ ಆಗಲಿಲ್ಲ. ಮರುದಿನ ಅವರ ಮನೆಗೆ ಹೋದೆ. ನಾನು ಬಾಯಿ ತೆರೆಯುವ ಮೊದಲೇ ಅವರು ತಂಬಿಗೆ ತುಂಬ ನೀರು ತಂದು ‘ಕುಂದ್ರಿ ಅಣ್ಣಾರ, ಬಿಸಿಲಾಗ ಬಂದೀರಿ’ ಅಂದರು. ರೊಕ್ಕ ಕೊಟ್ಟು, ತಪ್ಪಾಯ್ತು ಅಂದೆ. ಅವತ್ತು ರಾತ್ರಿ ಎಷ್ಟೋ ತಿಂಗಳ ಮೇಲೆ ಸತ್ಯವೇದ ಓದಬೇಕು ಅಂತ ತಾನಾಗಿ ಅನ್ನಿಸಿತು. ನೀವೂ ಈ ವಾರ ಇಂಥದ್ದು ಒಂದೇ ಒಂದನ್ನು ಆರಿಸಿ: ಹಳೇ ಸಾಲ, ಅಣ್ಣತಮ್ಮಂದಿರ ಬದುವಿನ ಜಗಳ, ತೂಕದಲ್ಲಿ ಮಾಡಿದ ಮೋಸ. ಹೋಗಿ ಸರಿ ಮಾಡಿ.

ಉಪವಾಸವೂ ಒಳ್ಳೆಯದು. ಒಂದು ಊಟ ಬಿಟ್ಟು ಆ ಹೊತ್ತನ್ನು ಪ್ರಾರ್ಥನೆಗೆ ಕೊಡಿ, ಉಳಿದ ರೊಟ್ಟಿಯನ್ನು ಹಸಿದವರಿಗೆ ಕೊಡಿ. ಸಕ್ಕರೆ ಕಾಯಿಲೆ ಇದ್ದವರು, ಬಸುರಿಯರು ಊಟ ಬಿಡಬೇಡಿ, ಬೇರೆ ಏನಾದರೂ ಬಿಡಿ. ಮತ್ತೆ, ಮಾಡಿದ್ದನ್ನು ಯಾರಿಗೂ ಹೇಳಬೇಡಿ. ಯೇಸುಸ್ವಾಮಿ ಹೇಳಿದ ಒಂದು ಸಾಮ್ಯದಲ್ಲಿ (ಲೂಕ 18), ವಾರಕ್ಕೆ ಎರಡು ಸಲ ಉಪವಾಸ ಅಂತ ದೇವರಿಗೆ ಲೆಕ್ಕ ಒಪ್ಪಿಸಿದ ಫರಿಸಾಯನಿಗಿಂತ, ಅಂದರೆ ಧರ್ಮಶಾಸ್ತ್ರವನ್ನು ಕಟ್ಟುನಿಟ್ಟಾಗಿ ಪಾಲಿಸುವ ಪಂಗಡದವನಿಗಿಂತ, ಎದೆ ಬಡಿದುಕೊಂಡು ‘ಪಾಪಿಯಾದ ನನ್ನನ್ನು ಕರುಣಿಸು’ ಅಂದ ಸುಂಕದವನೇ ನೀತಿವಂತನಾಗಿ ಮನೆಗೆ ಹೋದ.

ಹಸಿದವರಿಗೆ ‘ತೃಪ್ತಿಯಾಗುವದು’ ಅಂತ ಅದೇ ವಚನದಲ್ಲಿ ಮಾತು ಕೊಟ್ಟಿದ್ದಾರಲ್ಲ, ಅಲ್ಲಿನ ಗ್ರೀಕ್ ಪದ ಮೊದಲು ದನಗಳು ಹೊಟ್ಟೆ ತುಂಬ ಮೇಯುವುದಕ್ಕೆ ಬಳಕೆಯಲ್ಲಿದ್ದದ್ದು. ಐದು ರೊಟ್ಟಿ ಎರಡು ಮೀನಿನಿಂದ ಐದು ಸಾವಿರ ಗಂಡಸರು ಉಂಡು ತೃಪ್ತರಾದರು ಅನ್ನುವಲ್ಲೂ ಅದೇ ಪದ. ಹಸಿ ಮೇವು ಮೇದು ಬೇವಿನ ನೆರಳಲ್ಲಿ ಮಲಗಿ ಮೆಲುಕು ಹಾಕುವ ಎತ್ತನ್ನು ನೋಡಿದ್ದೀರಲ್ಲ, ಅಂಥ ತೃಪ್ತಿ. ಮರುದಿನ ಅದಕ್ಕೆ ಮತ್ತೆ ಹಸಿವಾಗುತ್ತೆ, ನಿಮಗೂ ಆಗುತ್ತೆ, ಆಗ ಹಿಂದಕ್ಕೆ ಜಾರಿದೆ ಅಂತ ಅಂದುಕೊಳ್ಳಬೇಡಿ. ಇವತ್ತು ಮಲಗುವ ಮುಂಚೆ, ತಪ್ಪೊಪ್ಪಿಕೊಂಡು ಕರುಣೆ ಬೇಡುವ 51ನೇ ಕೀರ್ತನೆಯನ್ನು ಗಟ್ಟಿಯಾಗಿ, ನಿಧಾನಕ್ಕೆ ಒಂದು ಸಲ ಓದಿ. ಮನೆಯವರಿಗೆ ಕೇಳಿಸಿದರೂ ಪರವಾಗಿಲ್ಲ.